ಸರೋಜಳ ನಂಜು

ಯಾರು, ಯಾವ ದಿನ, ತನಗೆ ಏನೆಂದರು ಎಂಬುದನ್ನು ಸರೋಜ ಎಂದೂ ಮರೆತವಳಲ್ಲ. ಮದುವೆಯಾಗಿ ಬಂದ ಮೊದಲ ವಾರ, ಸಾರಿಗೆ ಹುಳಿ ಹೆಚ್ಚಾಯಿತೆಂದು ಅತ್ತೆ ತಟ್ಟೆ ಸರಿಸಿದ್ದು, ಬಾಗಿಲ ಮರೆಯಲ್ಲಿ ಓರಗಿತ್ತಿಯರು ನಕ್ಕಿದ್ದು, ಗಂಡ ಕುಶಾಲಪ್ಪ ಅನ್ನ ಕಲಸುತ್ತ ತಲೆಯೆತ್ತದೆ ಕೂತಿದ್ದು, ಎಲ್ಲ ಇಪ್ಪತ್ತೆಂಟು ವರ್ಷದ ಮೇಲೂ ನಿನ್ನೆ ನಡೆದಂತೆ ಅವಳೊಳಗಿತ್ತು. ಇವಳಿಗೆ ಮಾತು ಅರಗುವುದಿಲ್ಲ, ಒಳಗೇ ನಂಜಾಗುತ್ತದೆ ಎಂದು ಅತ್ತೆ ಸಾಯುವ ತನಕ ನೆಂಟರೆದುರು ಹೇಳಿದಳು. ಬಿಟ್ಟಂಗಾಲದ ಸುತ್ತಿನ ನೆಂಟರ ಮನೆಗಳಲ್ಲೆಲ್ಲ ಅವಳಿಗೆ ನಂಜಿನವಳು ಎಂಬ ಹೆಸರೇ ನಿಂತಿತು.

ಹೊರಗಿನವರ ಮಾತನ್ನು ಅವಳು ತಡೆದುಕೊಂಡಿದ್ದಳು. ತಡೆಯಲಾಗದ್ದು ಮಗಳ ಮಾತು. ಮೂರ್ನಾಡಿಗೆ ಕೊಟ್ಟಿದ್ದ ಮೋಕ್ಷಿತಾ ತವರಿಗೆ ಬಂದಿದ್ದಾಗ, ನಿಶ್ಚಿತಾರ್ಥದ ದಿನ ನಿನ್ನ ಅತ್ತೆ ನನಗೆ ಕೂರು ಎನ್ನಲಿಲ್ಲ ಎಂಬ ಹಳೇ ಸಂಗತಿಯನ್ನು ಸರೋಜ ಮೂರನೇ ಸಲ ತೆಗೆದಳು. ಮಗಳು ಕಾಫಿ ಲೋಟ ಕೆಳಗಿಟ್ಟಳು.

"ಅಮ್ಮ, ನಿನ್ನ ಹತ್ರ ಮಾತಾಡಿಕೇ ಹೆದ್ರಿಕೆ ನಂಗೆ. ನೀ ಒಂದ್ನೂ ಬುಡುಲೆ."

ಅಂದಿನಿಂದ ಸರೋಜ ತನ್ನ ಮೇಲೆ ತಾನೇ ಹರಿಹಾಯತೊಡಗಿದಳು. ಹಾಲು ಕರೆಯುವಾಗ ಹಳೆಯದೇನಾದರೂ ತಲೆಗೆ ಬಂದರೆ, ಕೆಟ್ಟ ಹೆಂಗಸು ನೀನು, ಹೊಟ್ಟೆಯಲ್ಲಿ ಹಾವು ಸಾಕಿದವಳು ಎಂದು ಬಾಯಿಬಿಟ್ಟೇ ಬೈದುಕೊಳ್ಳುವಳು. ಇವತ್ತಿನಿಂದ ಎಲ್ಲ ಮರೆತೆ ಎಂದು ದಿನಾ ನಿಶ್ಚಯಿಸುವಳು. ಮಧ್ಯಾಹ್ನದೊಳಗೆ ಎಲ್ಲ ವಾಪಸು ಬರುತ್ತಿತ್ತು. ಆಗ ಇನ್ನಷ್ಟು ಬೈಗುಳ.

ಅವಳು ಮರೆಯಲು ಹೆಣಗುತ್ತಿದ್ದುದರಲ್ಲಿ ಕರುವಿನ ಸಂಗತಿಯೂ ಒಂದು. ಪಕ್ಕದ ಎಸ್ಟೇಟು ನಂದೀಶನದು. ಕುಶಾಲಪ್ಪನ ಚಿಕ್ಕಪ್ಪನ ಮಗ, ಕುಟುಂಬದಲ್ಲಿ ಕೈ ಮೇಲಾದವನು. ಶಿವರಾತ್ರಿಯ ಮಾರನೇ ದಿನ ಅವನ ಬೇಲಿಯ ಬುಡದಲ್ಲಿ ಸರೋಜಳ ಕರು ಸತ್ತು ಬಿದ್ದಿತ್ತು. ಹಾವು ಕಚ್ಚಿದೆ ಎಂದ ನಂದೀಶ. ಆದರೆ ಕರುವಿನ ಮೂತಿಯ ಮೇಲೆ ಅಡ್ಡಕ್ಕೆ ಸುಟ್ಟ ಗೆರೆಯಿತ್ತು, ಮತ್ತು ಪಂಪ್‌ಹೌಸಿನ ಗೋಡೆಯ ತೂತಿನಿಂದ ಬೇಲಿಗೆ ಒಂದು ಕರೀ ವಯರು ಹೋಗಿತ್ತು. ಹಂದಿ ಬರಬಾರದೆಂದು ಬೇಲಿಗೆ ನೇರ ಕರೆಂಟು ಕೊಟ್ಟಿದ್ದ. ಅವಳು ಜಗಳಕ್ಕೆ ನಿಂತಾಗ ನಂದೀಶ ಎಲ್ಲರೆದುರು ನಕ್ಕ. ಕುಶಾಲಪ್ಪ ಅವಳ ತೋಳು ಹಿಡಿದು ಮನೆಗೆ ಎಳೆದುಕೊಂಡು ಹೋದ.

ಜೂನ್ ಮೊದಲ ವಾರ ಅದೇ ಬೇಲಿಯ ಹತ್ತಿರ ಜವರ ಬಿದ್ದ. ನಂದೀಶನ ಎಸ್ಟೇಟಿನ ಆಳುಗಳ ಸಾಲುಮನೆ ಲೈನಿನಲ್ಲಿ ಹೆಂಡತಿ ನಿಂಗಮ್ಮನೊಂದಿಗೆ ಹತ್ತು ವರ್ಷದಿಂದ ಇದ್ದ ಆಳು ಅವನು. ಜೀವ ಉಳಿಯಿತು, ಸುಟ್ಟ ಬಲಗೈಯನ್ನು ಮೈಸೂರಿನ ಆಸ್ಪತ್ರೆಯಲ್ಲಿ ಮೊಣಕೈ ತನಕ ತೆಗೆದರು. ನಂದೀಶ ತಡಮಾಡಲಿಲ್ಲ. ತನ್ನ ಬೇಲಿಗೆ ಎಂದೂ ಕರೆಂಟು ಇರಲಿಲ್ಲ, ಜವರ ಬೆಳಿಗ್ಗೆಯೇ ಕುಡಿದು ಪಂಪ್‌ಹೌಸಿನ ವಯರು ಕದಿಯಲು ಹೋಗಿ ಸುಟ್ಟುಕೊಂಡ ಎಂದು ಠಾಣೆಗೆ ದೂರು ಬರೆದು ಕೊಟ್ಟ. ತಿಂಗಳ ಕೊನೆಯೊಳಗೆ ಲೈನು ಖಾಲಿ ಮಾಡಬೇಕೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ ಕೈಯಲ್ಲಿ ಹೇಳಿಸಿದ. ಲೈನಿನ ಬೇರೆ ಹೆಂಗಸರು ನಿಂಗಮ್ಮ ನಲ್ಲಿಗೆ ಬಂದರೆ ಕೊಡ ಎತ್ತಿಕೊಂಡು ಸರಿಯತೊಡಗಿದರು.

ಜವರ ಆಸ್ಪತ್ರೆಯಿಂದ ಬಂದ ಮೂರನೇ ದಿನ ಸರೋಜ ಒಂದು ಚೊಂಬು ಹಾಲು ಹಿಡಿದು ಲೈನಿಗೆ ಹೋದಳು. ಹೋಗಬೇಡ ಎಂದಿದ್ದ ಕುಶಾಲಪ್ಪ. ಜವರ ಗೋಡೆಗೊರಗಿ ಕೂತಿದ್ದ. ಅವಳು ಕೇಳುವ ಮೊದಲೇ ಮಾತು ತೆಗೆದ.

"ನಾನೇ ಏನೋ ಮಾಡಿರ್ಬೇಕು ಕನವ್ವ. ಆವತ್ತಿಂದು ಒಂದೂ ನೆಪ್ಪಿಲ್ಲ. ಅಷ್ಟೊಂದ್ ಜನ ಸುಳ್ಳು ಹೇಳ್ತಾರಾ? ನನ್ನ ಬುದ್ಧಿನೇ ಕೆಟ್ಟಿರ್ಬೇಕು."

ಕದಿಯದವನು ತಾನು ಕಳ್ಳನೆಂದು ಒಪ್ಪಿಕೊಂಡು ಕೂತಿರುವುದನ್ನು ಕಂಡು ಸರೋಜಳಿಗೆ ಮೈಯೆಲ್ಲ ಉರಿಯಿತು. ಅವನ ಮೇಲೂ ಸಿಟ್ಟು ಬಂತು. ಹಾಲಿನ ಚೊಂಬನ್ನು ನೆಲಕ್ಕೆ ಕುಕ್ಕಿ ಅವಳು ಹೇಳತೊಡಗಿದಳು. ಆವತ್ತು ಸೋಮವಾರ. ಎಂಟೂ ಕಾಲಿಗೆ ನೀನು ನಮ್ಮ ಅಂಗಳದಲ್ಲಿ ನಿಂತು ಮಜ್ಜಿಗೆ ಕುಡಿದೆ. ಉಪ್ಪು ಕಮ್ಮಿ ಎಂದೆ, ನನಗೆ ಸಿಟ್ಟು ಬಂತು, ಅದಕ್ಕೇ ನೆನಪಿದೆ. ನಿನ್ನ ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ. ಕೈಯಲ್ಲಿ ಕತ್ತಿ ಒಂದೇ. ಬೇಲಿ ಬುಡದ ಕಾಡು ಸವರಲು ಸಾಹುಕಾರರು ಹೇಳಿದ್ದಾರೆ ಎಂದೆ. ಪಂಪ್‌ಹೌಸ್ ಇರುವುದು ಬಲಕ್ಕೆ. ನೀನು ಎಡಕ್ಕೆ ಹೋದೆ, ಹೋಗುವಾಗ ನಮ್ಮ ಅಂಗಳದ ದಾರಿಗೆ ಅಡ್ಡ ಇಡುವ ತಡಮೆಯನ್ನು ಹಾಕದೆ ಹೋದೆ, ಅದಕ್ಕೂ ಬೈದೆ ನಾನು.

ಜವರ ಬಾಯಿ ತೆರೆದು ಕೇಳುತ್ತಿದ್ದ. ನಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಇನ್ನೊಂದ್ಸಲ ಹೇಳವ್ವ," ಎಂದ ಜವರ.

ಸರೋಜ ಇನ್ನೊಂದು ಸಲ ಹೇಳಿದಳು. ಮನೆಗೆ ಮರಳುವ ಕಾಫಿ ಸಾಲಿನ ದಾರಿಯಲ್ಲಿ ಅವಳ ಕಾಲು ಎರಡು ಸಲ ತಾನಾಗಿ ನಿಂತಿತು. ಅಷ್ಟು ಜನ ಹೇಳುವಾಗ ತಪ್ಪು ನನ್ನದೇ ಇರಬೇಕು ಎಂದು ಜವರ ಹತ್ತು ದಿನದಲ್ಲಿ ಒಪ್ಪಿಕೊಂಡಿದ್ದ. ತಾನು ಇಪ್ಪತ್ತೆಂಟು ವರ್ಷದಿಂದ ಒಪ್ಪಿಕೊಂಡೇ ಬಂದಿದ್ದಳು. ಆಡಿದವರು, ಮಾಡಿದವರು ಎಲ್ಲರೂ ಮರೆ ಎಂದಿದ್ದರು. ಮರೆತರೆ ಸುಖ ಅವರಿಗೆ. ತನ್ನೊಳಗಿನದು ನಂಜೇ ಇರಬಹುದು, ಆದರೆ ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಎಲ್ಲ ನಡೆದದ್ದೇ. ಇಷ್ಟು ದಿನ ತನ್ನನ್ನೇ ಬೈದುಕೊಂಡದ್ದು ನಡೆದದ್ದನ್ನು ನಡೆದಿದೆ ಎಂದುಕೊಂಡ ತಪ್ಪಿಗೋ? ಸಾರಿನ ಹುಳಿಯನ್ನೂ ಸುಟ್ಟ ಕೈಯನ್ನೂ ಒಂದೇ ತೂಕದಲ್ಲಿ ಇಟ್ಟುಕೊಂಡಿದ್ದು ಮಾತ್ರ ತನ್ನ ತಪ್ಪು ಎಂದು ಅವಳಿಗೆ ಅನ್ನಿಸಿತು. ಅದನ್ನು ತಾನು ತಿದ್ದಿಕೊಳ್ಳಬಹುದು. ಬೇರೆಯವರು ಹೇಳಬೇಕಾಗಿಲ್ಲ.

ಮಾರನೇ ದಿನ ಬೆಳಿಗ್ಗೆ ನಂದೀಶ ಒಂದು ಕಾಗದ ಹಿಡಿದು ಜಗಲಿಗೆ ಬಂದ. ಬೇಲಿಯಲ್ಲಿ ಎಂದೂ ಕರೆಂಟು ಇರಲಿಲ್ಲವೆಂದು ನೆರೆಯವರು ಬರೆದುಕೊಟ್ಟ ಹೇಳಿಕೆ. ಆರು ಸಹಿ ಆಗಲೇ ಬಿದ್ದಿದ್ದವು. ಕುಶಾಲಪ್ಪ ಕನ್ನಡಕ ಹುಡುಕದೆಯೇ ಸಹಿ ಹಾಕಿ ಪೆನ್ನನ್ನು ಹೆಂಡತಿಯತ್ತ ಚಾಚಿದ. ಸರೋಜ ಕೈ ನೀಡಲಿಲ್ಲ.

ನಂದೀಶನ ಮುಖ ಬಿಗಿಯಿತು. "ಅತ್ತಿಗೆ, ಆ ಕರುನ ನಂಜು ಇನ್ನೂ ಉಟ್ಟಾ?"

"ಉಟ್ಟು," ಎಂದು ಸರೋಜ ಇದೆಯೆಂದೇ ಒಪ್ಪಿಕೊಂಡಳು.

ನಂದೀಶ ದನಿ ಏರಿಸಿದ. ಮನೆ ಮುರಿಯಲೆಂದೇ ಹುಟ್ಟಿದವಳು, ಕೂಲಿಯವರ ಜೊತೆ ಸೇರಿ ಕುಟುಂಬದ ಮರ್ಯಾದೆ ಕಳೆಯುವವಳು ಎಂದ. ಎಸ್ಟೇಟಿನೊಳಗಿನ ರಸ್ತೆ ನನ್ನದು, ನಾಳೆಯಿಂದ ಗೇಟು ಹಾಕುತ್ತೇನೆ, ಹೇಗೆ ಓಡಾಡುತ್ತೀರೋ ನೋಡುತ್ತೇನೆ ಎಂದ. ಕುಶಾಲಪ್ಪ ಅವಳ ಬೆನ್ನ ಹಿಂದೆ ನಿಂತು, ಹಾಕು ಒಂದು ಸಹಿ, ನಿನ್ನ ಗಂಟೇನು ಹೋಗುತ್ತದೆ ಎಂದು ಹಲ್ಲು ಕಡಿದ. ಸರೋಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸೀರೆ ಬದಲಿಸಿದಳು. ಹಿಂಬಾಗಿಲಿಂದ ಇಳಿದು ಬಸ್ಸು ಹತ್ತಿ ಪೇಟೆಯ ಠಾಣೆಗೆ ಹೋದಳು.

ಅಲ್ಲಿಯೂ ಯಾರೂ ಅವಳಿಗೆ ಮಣೆ ಹಾಕಲಿಲ್ಲ. ಎರಡು ತಾಸು ಕಾಯಿಸಿದ ಮೇಲೆ ಸಬ್ ಇನ್‌ಸ್ಪೆಕ್ಟರು ಕರೆದರು. ಅವಳು ಕರು ಸತ್ತ ದಿನ, ಹೊತ್ತು, ವಯರಿನ ಬಣ್ಣ, ಪಂಪ್‌ಹೌಸಿನ ಹಿಂಗೋಡೆಯಲ್ಲಿ ಮೊಣಕಾಲೆತ್ತರದ ತೂತು, ಜವರ ಬಿದ್ದ ಬೆಳಿಗ್ಗೆಯ ಒಂದೊಂದು ಮಾತು, ಎಲ್ಲ ಹೇಳಿದಳು. ಅವರು ಪೆನ್ನು ನಿಲ್ಲಿಸಿ ಅವಳನ್ನು ದಿಟ್ಟಿಸಿದರು.

"ಇಷ್ಟೆಲ್ಲ ಹೇಗಮ್ಮ ನೆನಪಿರುತ್ತೆ? ಅವರ ಮೇಲೆ ನಿಮಗೆ ದ್ವೇಷ ಇದೆಯಲ್ಲ?"

"ಇದೆ ಸಾರ್. ದ್ವೇಷ ಇದೆ ಅಂತ ಗೋಡೆಯ ತೂತು ಮುಚ್ಚಿ ಹೋಗುತ್ತಾ? ಹೋಗಿ ನೋಡಿ."

ತೂತು ಮುಚ್ಚಿತ್ತು. ಆದರೆ ಮೊಣಕಾಲೆತ್ತರದಲ್ಲಿ, ಗೊಬ್ಬರದ ಚೀಲಗಳ ಹಿಂದೆ, ಸಿಮೆಂಟು ಇನ್ನೂ ಹೊಸದಾಗಿತ್ತು. ಪೊಲೀಸರು ಒಡೆದಾಗ ಒಳಗೆ ಕರೀ ವಯರಿನ ತುಂಡು ಸಿಕ್ಕಿತು. ಜವರನ ಮೇಲಿನ ಕಳ್ಳತನದ ದೂರು ಬಿದ್ದುಹೋಯಿತು. ಕೇಸು ನಂದೀಶನ ಮೇಲಾಯಿತು. ಲೈನು ಬಿಡಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಆದರೆ ನಿಂಗಮ್ಮ ತಾನಾಗಿಯೇ ಗಂಡನನ್ನು ಕರೆದುಕೊಂಡು ಕುಶಾಲನಗರದ ಕಡೆಯ ಅಣ್ಣನ ಮನೆಗೆ ಹೋದಳು.

ನಂದೀಶ ಹೇಳಿದಂತೆಯೇ ಗೇಟು ಹಾಕಿದ. ಬಸ್ಸಿಗೆ ಹೋಗಲು ಸರೋಜ ನೀರಿನ ತೋಡು ಸುತ್ತಿ ಮುಕ್ಕಾಲು ಗಂಟೆ ನಡೆಯಬೇಕಾಯಿತು. ಹುತ್ತರಿ ಹಬ್ಬಕ್ಕೆ ಕುಟುಂಬದ ಒಂದು ಮನೆಯಿಂದಲೂ ಕರೆ ಬರಲಿಲ್ಲ. ಕುಶಾಲಪ್ಪನನ್ನು ಠಾಣೆಗೆ ಕರೆಸಿದಾಗ ಓದದೆ ಸಹಿ ಹಾಕಿದೆ ಎಂದು ತಪ್ಪಿಸಿಕೊಂಡ, ಅಂದಿನಿಂದ ಹೆಂಡತಿಯೊಡನೆ ಮಾತು ಬಿಟ್ಟ.

ಮೋಕ್ಷಿತಾ ಫೋನು ಮಾಡಿ, ಅತ್ತೆ ಮನೆಯಲ್ಲಿ ತಲೆ ಎತ್ತಲಾಗುತ್ತಿಲ್ಲ ಎಂದು ರೇಗಿದಳು. ಸರೋಜ ಅವಳ ಮಾತು ಮುಗಿಯಲು ಬಿಟ್ಟಳು. ಕೂರು ಎನ್ನದ ನಿನ್ನ ಅತ್ತೆಯ ವಿಷಯವನ್ನು ನಾನು ಇನ್ನು ತೆಗೆಯುವುದಿಲ್ಲ, ಅದು ಸಣ್ಣದು, ನಿನ್ನನ್ನು ನೋಯಿಸಿದ್ದು ನನ್ನ ತಪ್ಪು ಎಂದಳು. ಜವರನ ವಿಷಯ ಹಾಗಲ್ಲ ಎಂದಳು. ಮಗಳು ಫೋನು ಇಟ್ಟುಬಿಟ್ಟಳು. ಸರೋಜ ತನ್ನನ್ನು ತಾನು ಬೈದುಕೊಳ್ಳಲಿಲ್ಲ. ಹೋಗಿ ದನಕ್ಕೆ ಹುಲ್ಲು ಹಾಕಿದಳು.

ಕೋರ್ಟಿನ ಸಮನ್ಸು ಬಂದ ದಿನ ಕುಶಾಲಪ್ಪ ತಿಂಗಳುಗಳ ಮೇಲೆ ಬಾಯಿ ಬಿಟ್ಟ. ಎದುರು ತಟ್ಟೆಯಿತ್ತು, ಅವನು ಅನ್ನವನ್ನು ಮುಟ್ಟಿರಲಿಲ್ಲ.

"ನಂಗೆ ಗೊತ್ತಿಲ್ಲೆ, ನೆನಪಿಲ್ಲೆ ಅಂತ ಹೇಳಿ ಬಾ. ಮರ್ತು ಬುಡು ಇನ್ನಾದ್ರೂ."

"ಇಲ್ಲೆ, ಮರೆಯುಲೆ," ಎಂದು ಸರೋಜ ಅವನ ತಟ್ಟೆಗೆ ಸಾರು ಬಡಿಸಿದಳು. ಆಮೇಲೆ ಎದುರಿಗೇ ಕೂತು ತಾನೂ ಬಡಿಸಿಕೊಂಡಳು. ಅವನು ಕೈ ತೊಳೆದು ಎದ್ದು ಹೋದ. ಅವಳು ಹೊಟ್ಟೆ ತುಂಬ ಉಂಡಳು.