ಮುಂದಿನ ವಾರದ ಚಪ್ಪಲಿ

ನಮ್ಮ ಮಿನ್ಯಾ ಊರಿನ ಚಳಿಯಲ್ಲಿ ಕಲ್ಲುಗಣಿಯ ಕೂಲಿ ಬಖೀತ್ ಬರಿಗಾಲಲ್ಲೇ ಚರ್ಚಿಗೆ ಬಂದಿದ್ದ. ಹಿಮ್ಮಡಿ ಒಡೆದು ರಕ್ತ ಒಸರುತ್ತಿತ್ತು. ಬಡವರ ನಿಧಿ ನೋಡಿಕೊಳ್ಳುವ ನನ್ನ ಗಂಡ ವಗೀಹ್, "ಮುಂದಿನ ವಾರ ಸಮಿತಿ ಸೇರುತ್ತಪ್ಪ, ನಿನ್ನ ಚಪ್ಪಲಿ ವಿಷಯ ಇಡ್ತೀನಿ" ಎಂದರು. ನನಗೆ ಮೈ ಉರಿಯಿತು. ಕೂತಲ್ಲಿ ಕೂರಲಾಗಲಿಲ್ಲ, ಪ್ರಾರ್ಥನೆಯ ಒಂದು ಮಾತೂ ತಲೆಗೆ ಹತ್ತಲಿಲ್ಲ.

ಪರಮಪ್ರಸಾದ ಸ್ವೀಕರಿಸಲು ನಮ್ಮ ಪದ್ಧತಿಯಂತೆ ಎಲ್ಲರೂ ಬೂಟು ಕಳಚಿಟ್ಟು ಬಲಿಪೀಠದತ್ತ ನಡೆದರು. ಆ ಬರಿಗಾಲಿನ ಸಾಲಿನಲ್ಲಿ ಬಡವ ಯಾರು, ಸಮಿತಿಯವರು ಯಾರು ಎಂದು ಹೇಳುವಂತಿರಲಿಲ್ಲ. ಬಖೀತ್ ಮೊದಲು ಹಿಂತಿರುಗಿದ. ನಾನು ಗಂಡಸರು ಕೂರುವ ಕಡೆಗೇ ನುಗ್ಗಿ ವಗೀಹ್ ಬೂಟನ್ನು ಅವನ ಕೈಗಿಟ್ಟೆ. "ಹಾಕ್ಕೊಂಡು ನಡಿ."

ವಗೀಹ್ ಬಂದು ಬೆಂಚಿನಡಿ ತಡಕಾಡಿದರು. "ನನ್ನ ಬೂಟೆಲ್ಲೇ?"

"ಬಖೀತ್ ಕಾಲಲ್ಲಿ."

"ಈ ಚಳೀಲಿ ನಾನು ಮನೆಗೆ ಹೆಂಗೇ ಹೋಗ್ಲಿ?"

"ಮುಂದಿನ ವಾರ ಸಮಿತಿ ಸೇರುತ್ತಲ್ರೀ. ನಿಮ್ಮ ವಿಷಯಾನೂ ಇಡಿ."