ನಕ್ಷೆಯ ಹಸಿರು

ಊರಿನ ಹೊಸ ನಕ್ಷೆಯಲ್ಲಿ ಪಾರ್ಕುಗಳು ನಿಯಮಕ್ಕೆ ಸಾಲುತ್ತಿಲ್ಲ ಎಂದು ನಗರ ಯೋಜಕಿ ತಲೆ ಕೆಡಿಸಿಕೊಂಡಿದ್ದಳು. ಸಾಹೇಬರು ಸ್ಮಶಾನದ ಮೇಲೆ ಬೆರಳಿಟ್ಟರು.

"ಇದಕ್ಕೂ ಹಸಿರು ಬಳಿಯಮ್ಮ, ಸರಿಹೋಗತ್ತೆ. ಅಲ್ಲಿರೋರೇನು ತಕರಾರು ತೆಗೀತಾರಾ?"

ಅವಳ ಅಪ್ಪನನ್ನು ಹೂತದ್ದೂ ಅಲ್ಲೇ. ಬರೀ ಬಣ್ಣ ತಾನೇ, ಕಾಗದದ ಹಸಿರು ನಂಬಿಕೊಂಡು ಯಾರು ಗುದ್ದಲಿ ಹಿಡಿಯುತ್ತಾರೆ ಎಂದು ಬಳಿದೇಬಿಟ್ಟಳು.

ಹಿಡಿದರು. ಮರುವರ್ಷ ಅದೇ ನಕ್ಷೆ ಹಿಡಿದು ಗುತ್ತಿಗೆದಾರ ಹೋದ. ಕಚೇರಿಗೆ ಅಮ್ಮನ ಫೋನ್ ಬಂತು.

"ನಿಮ್ಮಪ್ಪನ ಸಮಾಧಿ ಕಿತ್ತು ಜಾರುಬಂಡೆ ನಿಲ್ಲಿಸ್ತಿದಾರೆ ಕಣೇ! ಕೇಳಿದ್ರೆ, ನಕ್ಷೇಲಿ ಪಾರ್ಕು ಅಂತಿದೆ ಅಂತಾರೆ. ನೀನು ಅಲ್ಲೇ ಇದೀಯಲ್ಲ, ವಿಚಾರಿಸು. ಹಾಗೆ ಬರೆದೋರ ಮನೆ ಹಾಳಾಗ!"

"ಹಾಗನ್ಬೇಡಮ್ಮ," ಎಂದಳು ಅವಳು. "ಆ ಮನೇಲಿ ನೀನೂ ಇದೀಯ."