ಆಮೆಯ ಬಾಸ್ ಗಿಟಾರ್

ಶನಿವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ದರ್ಜಿ ತಮ್ಮ ಮಗಳ ಜೊತೆ ವಾದ್ಯದ ಅಂಗಡಿಗೆ ಬಂದರು. ಮಗಳಿಗೆ ಮೂವತ್ತಾರು ವರ್ಷ. ಅವಳು ಕೊಳ್ಳಲು ಬಂದದ್ದು ಬಾಸ್ ಗಿಟಾರ್. ಅದುವರೆಗೆ ಯಾವ ವಾದ್ಯವನ್ನೂ ಮುಟ್ಟಿದವಳಲ್ಲ.

ಅವರ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಮೂವರು ಸೇರಿ ನುಡಿಸುತ್ತಿದ್ದರು. ಔಷಧಿ ಅಂಗಡಿಯವರದು ಗಿಟಾರ್, ಶಾಲಾ ಬಸ್ಸಿನ ಚಾಲಕನದು ಡ್ರಮ್, ಅಂಚೆ ಗುಮಾಸ್ತನದು ಬಾಸ್. ಕೆಳಗೆ ಬಟ್ಟೆ ಕತ್ತರಿಸುತ್ತಿದ್ದ ಮಗಳಿಗೆ ಗಿಟಾರಿನ ದನಿ ಅಷ್ಟಾಗಿ ಕೇಳುತ್ತಿರಲಿಲ್ಲ. ಬಾಸಿನ ಮಂದ್ರ ದನಿ ಮಾತ್ರ ಗೋಡೆ ಹಿಡಿದು ಇಳಿದು ಮೇಜಿನ ಹಲಗೆಯವರೆಗೂ ಬರುತ್ತಿತ್ತು. ಗುಮಾಸ್ತನಿಗೆ ವರ್ಗವಾಯಿತು. ಎರಡು ತಿಂಗಳು ಮೇಜು ಸುಮ್ಮನಿತ್ತು. ಕೊನೆಗೆ ಮಗಳೇ ಮೆಟ್ಟಿಲು ಹತ್ತಿ, "ಆ ಜಾಗಕ್ಕೆ ನಾನು ಬರ್ಲಾ?" ಎಂದು ಕೇಳಿದಳು. "ಬಾಮ್ಮ, ಮೊದ್ಲು ಒಂದು ಬಾಸ್ ತಗೋ" ಎಂದರು ಔಷಧಿ ಅಂಗಡಿಯವರು.

ವಾದ್ಯದ ಅಂಗಡಿಯವನು ಎರಡು ಬಾಸ್ ಇಳಿಸಿ ಚಾಪೆಯ ಮೇಲಿಟ್ಟ. ದರ್ಜಿಯ ಕೊರಳಲ್ಲಿ ಟೇಪು ಇದ್ದೇ ಇತ್ತು. ಅವರು ಬಗ್ಗಿ ತಂತಿಯ ಉದ್ದ ಅಳೆದರು. ಒಂದು ಮೂವತ್ತನಾಲ್ಕು ಇಂಚು, ಇನ್ನೊಂದು ಮೂವತ್ತು.

"ಯಜಮಾನ್ರೇ, ಅದಕ್ಕೆ ಕೋಟು ಹೊಲಿಯೋದು ಬೇಡ" ಎಂದ ಅಂಗಡಿಯವನು.

"ಸುಮ್ನಿರಪ್ಪ. ನನ್ನ ಮಗಳ ತೋಳು ಇಪ್ಪತ್ತೆರಡೂವರೆ. ಎಟುಕಬೇಕಲ್ಲ."

"ಸರಿಯಾಗೇ ಹೇಳಿದ್ರಿ. ಮೊದಲನೇ ಬಾಸಲ್ಲಿ ನೋಡೋದು ಅಷ್ಟೇ. ಕೈ ಎಟುಕಬೇಕು, ಭುಜಕ್ಕೆ ಭಾರ ಆಗಬಾರದು, ಕೈ ಬಿಟ್ರೆ ಬಾಸಿನ ತಲೆ ಕೆಳಗೆ ವಾಲಬಾರದು. ಬಣ್ಣ ಗಿಣ್ಣ ಆಮೇಲೆ. ತಂತಿ ನಾಲ್ಕೇ ಸಾಕು." ಅವನು ಮಗಳತ್ತ ತಿರುಗಿದ. "ಅಕ್ಕಾ, ವಾದ್ಯ ಮುಟ್ಟೋಕೆ ಮುಂಚೆ ಒಂದು ಕೆಲಸ. ಕಣ್ಮುಚ್ಚಿ, ಬರಿಗೈಲಿ ನುಡಿಸಿ ತೋರಿಸಿ."

ಹೊಸಬರಿಗೆಲ್ಲ ಅವನು ಇದನ್ನೇ ಮಾಡಿಸುತ್ತಿದ್ದ. ಮಗಳು ನಾಚಿಕೊಂಡು ಕಣ್ಣು ಮುಚ್ಚಿದಳು. ಬಲಗೈ, ಅಲ್ಲಿಲ್ಲದ ಬಾಸಿನ ಕುತ್ತಿಗೆಯನ್ನು ಹಿಡಿಯಿತು. ಎಡಗೈ ಬೆರಳುಗಳು ಹೊಟ್ಟೆಯ ಬಳಿ ಮೀಟತೊಡಗಿದವು.

"ಓ, ನಿಮ್ಮದು ಎಡಗೈ!"

ಮಗಳು ಕಣ್ಣು ಬಿಟ್ಟು ನಕ್ಕಳು. "ಇಲ್ಲಣ್ಣ, ಬರೆಯೋದು, ಕತ್ತರಿಸೋದು ಎಲ್ಲಾ ಬಲಗೈಲೇ. ನನ್ನ ಕೈಯೇ ಸ್ವಲ್ಪ ಹಾಗೆ, ಅಡ್ಡಾದಿಡ್ಡಿ. ಮನೇಲಿ ನಾನು ಆಮೆ. ಅಪ್ಪನ್ನ ಕೇಳಿ ಬೇಕಾದ್ರೆ."

ಅಂಗಡಿಯವನು ದರ್ಜಿಯ ಮುಖ ನೋಡಿದ. "ಚಿಕ್ಕವರಿದ್ದಾಗ ಹೇಗಿತ್ತು ಯಜಮಾನ್ರೇ? ಎಡಗೈದು ಒಂದೇ ಒಂದಿದೆ, ಅಲ್ಲಿ ಮೇಲೆ. ಯಾರೋ ತರಿಸಿ ತಗೊಳ್ದೇ ಹೋದ್ರು. ಇಳಿಸ್ಲಾ?"

ದರ್ಜಿ ಟೇಪನ್ನು ಸುತ್ತಿ ಮುಗಿಸಿದರು.

"ಬಲಗೈನೇ" ಎಂದರು.

ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದವರು ಇಬ್ಬರು. ಅವರಲ್ಲಿ ದರ್ಜಿಯ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು.

ಮಗಳು ನಾಲ್ಕು ವರ್ಷದವಳಿದ್ದಾಗ ಮೇಜಿನ ಕೆಳಗೆ ಕೂತು ಮೊಂಡು ಕತ್ತರಿಯಲ್ಲಿ ಚಿಂದಿ ಕತ್ತರಿಸುತ್ತಿದ್ದಳು, ಎಡಗೈಯಲ್ಲಿ. ಅಂಗಡಿಯ ಕತ್ತರಿಗಳೆಲ್ಲ ಬಲಗೈಯವರಿಗೆ ಮಾಡಿದವು. ಅವನ್ನು ಎಡಗೈಯಲ್ಲಿ ಹಿಡಿದರೆ ಅಲಗು ಸೀಮೆಸುಣ್ಣದ ಗೆರೆಯನ್ನು ಮುಚ್ಚುತ್ತದೆ, ಬಟ್ಟೆ ತುಂಡಾಗದೆ ಮಡಚಿಕೊಳ್ಳುತ್ತದೆ. ಮಗಳು ಮುಂದೆ ಅಂಗಡಿ ನಡೆಸಬೇಕೆಂಬುದು ದರ್ಜಿಯ ಆಸೆ. ಅವರು ಬಟ್ಟೆಯ ಅಂಚಿನ ಪಟ್ಟಿಯಿಂದ ಅವಳ ಎಡ ಮಣಿಕಟ್ಟನ್ನು ಕುರ್ಚಿಯ ಕಾಲಿಗೆ ಕಟ್ಟಿದರು. ದಿನಕ್ಕೆ ಎರಡು ಗಂಟೆ, ನಾಲ್ಕು ತಿಂಗಳು. ಅವರು ಚಹಾಕ್ಕೆ ಹೋದಾಗ ಹೆಂಡತಿ ಬಿಚ್ಚುತ್ತಿದ್ದರು. ಬಂದ ಮೇಲೆ ದರ್ಜಿ ಮತ್ತೆ ಕಟ್ಟುತ್ತಿದ್ದರು. ಬಲಗೈಯಲ್ಲಿ ಕೆಲಸ ಕಲಿಯಲು ಅವಳಿಗೆ ಉಳಿದವರ ಎರಡರಷ್ಟು ಕಾಲ ಹಿಡಿಯಿತು. ಆಮೆ ಎಂದು ಹೆಸರಿಟ್ಟವರೂ ದರ್ಜಿಯೇ.

ಅಂಗಡಿಯವನು ಮೂವತ್ತು ಇಂಚಿನ ಬಾಸನ್ನು ಅವಳ ಭುಜಕ್ಕೆ ಹಾಕಿ ಆಂಪ್ಲಿಫೈಯರಿಗೆ ಸಿಕ್ಕಿಸಿದ. "ದಪ್ಪ ತಂತಿ. ಎರಡು ಬೆರಳು, ಒಂದಾದ ಮೇಲೊಂದು. ನಡೆದ ಹಾಗೆ."

ಅವಳ ಬಲಗೈ ಬೆರಳುಗಳು ಒಂದಕ್ಕೊಂದು ತೊಡರಿದವು. ಒಂದು ಪೆಟ್ಟು ಜೋರು, ಮುಂದಿನದು ಕೇಳಿಸಲೇ ಇಲ್ಲ. ಇಪ್ಪತ್ತು ನಿಮಿಷ ಪ್ರಯತ್ನಿಸಿದಳು. "ಎಲ್ಲರಿಗೂ ಹೀಗೇ ಅಕ್ಕಾ, ಇದು ಮೊದಲನೇ ದಿನ" ಎಂದ ಅಂಗಡಿಯವನು. ಅವಳು ಬೆವರು ಒರೆಸಿಕೊಂಡು ಭುಜದ ಪಟ್ಟಿ ಕಳಚಿದಳು.

"ನನ್ನ ಕೈಲಿ ಆಗೋ ಕೆಲಸ ಅಲ್ಲ ಬಿಡಣ್ಣ, ಸುಮ್ನೆ ನಿನಗೂ ತೊಂದ್ರೆ. ನಡಿ ಅಪ್ಪ, ಎರಡು ಪ್ಯಾಂಟು ಬಾಕಿ ಇವೆ. ಮೇಲಿನವರಿಗೆ ಬೇರೆ ಯಾರಾದ್ರೂ ಸಿಕ್ತಾರೆ."

ಹೊರಗೆ, ಅಂಗಡಿಯ ಮುಂದಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಇಬ್ಬರೂ ಕೂತರು. ಅವರ ಬಸ್ಸು ಬಂತು. ದರ್ಜಿ ಏಳಲಿಲ್ಲ.

"ಅಪ್ಪ, ಬಸ್ಸು."

"ನಿಂದು ಎಡಗೈ ಕಣೇ."

"ಏನು?"

"ಹುಟ್ಟಿದ್ದೇ ಎಡಗೈ. ನಾನು ಬಿಡಿಸಿದ್ದು. ಕಟ್ಟಿಹಾಕಿ."

ಬಸ್ಸು ಹೋಯಿತು. ಮಗಳು ತನ್ನ ಎಡಗೈ ತಿರುಗಿಸಿ ನೋಡಿಕೊಂಡಳು, ಗಿರಾಕಿ ತಂದ ಬಟ್ಟೆಯ ಒಳಮೈ ನೋಡುವ ಹಾಗೆ.

"ಯಾವುದ್ರಲ್ಲಿ ಕಟ್ಟಿದ್ದೆ?"

"ಅಂಚಿನ ಪಟ್ಟೀಲಿ."

"ನಾನು ಅಳ್ತಿದ್ನಾ?"

"ಮೊದಲ ವಾರ."

"ಆಮೇಲೆ?"

"ಆಮೇಲೆ ನೀನೇ ಕೈ ಚಾಚ್ತಿದ್ದೆ. ಕಟ್ಟು ಅಂತ."



"ಆಮೆ ಆಮೆ ಅಂತಿದ್ಯಲ್ಲ. ಆಗ ಗೊತ್ತಿತ್ತಾ ನಿಂಗೆ, ಯಾಕೆ ತಡ ಆಗ್ತಿತ್ತು ಅಂತ?"

"ಗೊತ್ತಿತ್ತು."

"ಈಗ ಒಳಗೆ ಕೇಳಿದ್ನಲ್ಲ ಅವನು, ಆಗ?"

"ಗೊತ್ತಿತ್ತಮ್ಮ. ಬಾಯಿ ಬರಲಿಲ್ಲ."

ಮಗಳು ಎದ್ದಳು. ದರ್ಜಿಯೂ ಏಳಹೋದರು.

"ನೀನು ಇಲ್ಲೇ ಕೂತಿರು" ಎಂದು ಅವಳು ಅಂಗಡಿಯೊಳಗೆ ಹೋದಳು.

ಗಾಜಿನ ಆಚೆ ಅಂಗಡಿಯವನು ಏಣಿ ಹತ್ತಿ ಮೇಲಿನ ಬಾಸ್ ಇಳಿಸುವುದು ಕಾಣುತ್ತಿತ್ತು. ಅವಳ ಮಾತು ಕೇಳದೆ ದರ್ಜಿ ಎದ್ದು ಗಾಜಿನ ಹತ್ತಿರ ಹೋಗಿ ನಿಂತರು. ಒಳಗಿನ ಮಾತು ಒಂದೂ ಕೇಳಿಸಲಿಲ್ಲ. ಆಮೇಲೆ ಗಾಜು ಸಣ್ಣಗೆ ಅದುರಿತು. ಒಂದು ಪೆಟ್ಟು, ಇನ್ನೊಂದು, ತಪ್ಪಿದ್ದೊಂದು, ಮತ್ತೆ ಒಂದು. ಹದಿನಾರರವರೆಗೆ ಅವರು ಎಣಿಸಿದರು. ಕೊನೆಯ ಎಂಟು ಸಮವಾಗಿದ್ದವು.

ಆ ಎಡಗೈ ಬಾಸ್ ಮೂವತ್ತನಾಲ್ಕು ಇಂಚಿನದು, ಅವಳಿಗೆ ಸ್ವಲ್ಪ ಉದ್ದ. ಅವಳು ಅದನ್ನೇ ತೆಗೆದುಕೊಂಡಳು. ಹೊರಲು ದರ್ಜಿ ಕೈ ಚಾಚಿದರು, ಅವಳು ಕೊಡಲಿಲ್ಲ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಸೋಮವಾರ ದರ್ಜಿ ಎಡಗೈಯ ಕತ್ತರಿಯೊಂದನ್ನು ತರಿಸಲು ಹೇಳಿದರು. ಅದು ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ಮಗಳು ಅವರೊಂದಿಗೆ ಆಡಿದ್ದು ಬರೀ ಅಳತೆಯ ಮಾತು. ಕತ್ತರಿಯನ್ನು ಡಬ್ಬಿಯಿಂದ ತೆಗೆದು, ಎಡಗೈಯಲ್ಲಿ ಒಮ್ಮೆ ತೆರೆದು ಮುಚ್ಚಿ, ಮತ್ತೆ ಡಬ್ಬಿಯಲ್ಲಿಟ್ಟಳು.

"ಕತ್ತರಿಸೋದನ್ನ ಬಲಗೈಲಿ ಕಲಿತಾಗಿದೆ ಬಿಡು, ಅಪ್ಪ" ಎಂದಳು.

ಅಂದಿನ ಕೋಟನ್ನು ಅವಳು ಹಳೆಯ ಕತ್ತರಿಯಲ್ಲೇ ಕತ್ತರಿಸಿದಳು. ಭಾನುವಾರ ಮಧ್ಯಾಹ್ನ ಮೂರಕ್ಕೆ ಬಾಸ್ ಹೊತ್ತು ಮೇಲೆ ಹೋದಳು. ದರ್ಜಿ ಕೆಳಗೆ ಮೇಜಿನ ಹಲಗೆಯ ಮೇಲೆ ಅಂಗೈ ಊರಿ ಐದೂವರೆಯವರೆಗೂ ಕೂತಿದ್ದರು.